ಹಾಲಿನ ಒತ್ತೆ

ಆಗ್‌ಚಾಯ್ ನದಿಯ ದಂಡೆಯ ಬಿಡಾರ
ಹಿಜರಿ ೧೧೫೭, ಸಫರ್ ೧೪

ಶಾಹನ ಮುಂಚೂಣಿ ದಂಡಿನ ನಾಯಕ ಓರುಜ್ ಬೇಗನು ಕರ್ಗಲಾ ಕೋಟೆಯೊಳಗೆ ಅವಿತಿರುವ ಕಪ್ಲಾನನಿಗೆ ಬರೆಯುವುದು:

ನಿನ್ನ ಹೆಸರಿನ ಮುಂದೆ ‘ಖಾನ್’ ಎಂದು ಬರೆದಿಲ್ಲ. ಅದು ಮರೆವಿನಿಂದ ಆದುದಲ್ಲ. ಆ ಪದವಿಯನ್ನು ಕೊಡುವವನು ಶಾಹ, ಕಸಿದುಕೊಳ್ಳುವವನೂ ಅವನೇ. ಹೋದ ವರ್ಷ ನಮ್ಮೂರ ಮಸೀದಿಯ ಅಂಗಳದಲ್ಲಿ ನೂಲು ತೆಗೆಯುವವರೂ ಕುರುಬರೂ ಕೂಡಿ ನಿನ್ನನ್ನು ಬಿಳಿಯ ಕಂಬಳಿಯ ಮೇಲೆ ಕೂರಿಸಿ ಮೇಲಕ್ಕೆತ್ತಿದರೆಂದೂ, ಅಂದಿನಿಂದ ನೀನು ಖಾನನೆಂದೂ ಕೇಳಿದೆ. ಕಂಬಳಿಯ ಮೇಲೆ ಕೂರಿಸಿ ಎತ್ತಿದ್ದೆಲ್ಲ ಖಾನನಾಗುವುದಾದರೆ, ಚಳಿಗಾಲದಲ್ಲಿ ಕುಂಟು ಕುರಿಗಳನ್ನು ಕೊಟ್ಟಿಗೆಗೆ ಹಾಗೆಯೇ ಹೊರುತ್ತಿದ್ದೆವು. ನೆನಪಿರಬೇಕು.

ಶಾಹನ ಅಪ್ಪಣೆಯನ್ನು ತಿಳಿಸುತ್ತೇನೆ. ರೇಷ್ಮೆನೂಲು ತೆಗೆಯುವ ಮನೆತನಗಳೆಲ್ಲವೂ ತಮ್ಮ ಹುಳುವಿನ ಮೊಟ್ಟೆಗಳೊಡನೆ ಕೋಟೆಯಿಂದ ಇಳಿಯತಕ್ಕದ್ದು. ಅವರನ್ನು ಖುರಾಸಾನಿಗೆ ಸಾಗಿಸಿ ಅಲ್ಲಿ ನೆಲೆಗೊಳಿಸಲಾಗುವುದು. ನೀನು ಶರಣಾದವನ ಗುರುತಾಗಿ ಕತ್ತಿಯನ್ನು ಕೊರಳಿಗೆ ನೇತುಹಾಕಿಕೊಂಡು, ಹೆಗಲ ಮೇಲೆ ಹೆಣದ ಬಟ್ಟೆ ಹೊದ್ದು, ಬರಿಗಾಲಿನಲ್ಲಿ ಬರತಕ್ಕದ್ದು. ಬಂದರೆ ಪ್ರಾಣ ಉಳಿಯಬಹುದು.

ಇನ್ನೊಂದು ಅಪ್ಪಣೆ ಶಾಹನದಲ್ಲ, ನನ್ನದು. ನನ್ನ ತಾಯಿಯನ್ನು ಕೆಳಗೆ ಕಳುಹಿಸು. ಕೋಟೆಗೆ ಓಡುವಾಗ ಅವಳನ್ನೂ ಹೊತ್ತೊಯ್ದೆಯಂತೆ. ನಿನ್ನ ತಾಯಿ ಹೆರಿಗೆಯಲ್ಲಿ ತೀರಿಕೊಂಡಾಗ ನನ್ನ ಪಾಲಿನ ಹಾಲಿನಲ್ಲಿ ಅರ್ಧವನ್ನು ನಿನಗೆ ಕೊಟ್ಟಳು; ಅಷ್ಟರಿಂದ ಅವಳ ಮೇಲೆ ನಿನಗೆ ಹಕ್ಕು ಬರಲಿಲ್ಲ.

ಪತ್ರವನ್ನು ಗಿರಣಿಯ ದುರ್ಸುನ್ ತರುತ್ತಾನೆ. ನಿಮ್ಮ ಕೋಟೆಗೂ ನಮ್ಮ ಬಿಡಾರಕ್ಕೂ ನಡುವೆ ಉಳಿದಿರುವುದು ಅವನ ನೀರಿನ ಗಿರಣಿ ಮಾತ್ರ. "ಎರಡೂ ಕಡೆಯೋರ ಗೋಧಿ ಬೀಸ್ತೀನಿ, ಎರಡೂ ಕಡೆಯೋರ ಬೈಗುಳ ಹೊರೋದು ಏನ್ ಭಾರ, ಕೊಡು ಇಲ್ಲಿ" ಎಂದ. ಮಸೀದಿಯ ಶಾಲೆಯಲ್ಲಿ ನಮ್ಮಿಬ್ಬರ ನಡುವೆ ಕೂತು ಏಟು ತಿಂದವನು. ಅವನ ಮೇಲೆ ಕೈ ಮಾಡಬೇಡ.

ಓರುಜ್ ಬೇಗ್


ಕರ್ಗಲಾ ಕೋಟೆ
ಸಫರ್ ೧೬

ಹಾಲು ಕುಡಿದ ಮನೆಯ ಬಾಗಿಲಿಗೆ ದಂಡು ತಂದಿರುವ ಓರುಜನಿಗೆ:

ನಿನ್ನ ಪತ್ರ ತಲುಪಿತು. ಸಾಲುಗಳು ಕೊನೆಯಲ್ಲಿ ಕೆಳಕ್ಕೆ ಜಾರುವ ನಿನ್ನ ಹಳೆಯ ದೋಷ ಹೋಗಿಲ್ಲ, ಹೆಚ್ಚಾಗಿದೆ. ಮುಲ್ಲಾ ನಿನ್ನ ಬೆರಳುಗಳಿಗೆ ಕೊಟ್ಟ ಬೆತ್ತದ ಪೆಟ್ಟೆಲ್ಲ ವ್ಯರ್ಥವಾಯಿತು.

ಕಂಬಳಿಯ ಕಥೆಯನ್ನು ಅರ್ಧ ಕೇಳಿದ್ದೀಯೆ; ಉಳಿದರ್ಧವನ್ನು ನಾನು ಹೇಳುತ್ತೇನೆ. ಶಾಹನ ವಸೂಲಿಗಾರ ಬಂದ. ಇದ್ದುದನ್ನು ಕೊಟ್ಟೆವು. ಮತ್ತೆ ಬಂದ, ಹಾಸಿಗೆ, ತಾಮ್ರದ ಹಂಡೆಗಳನ್ನು ಕೊಟ್ಟೆವು. ಮೂರನೆಯ ಸಲ ಬಂದಾಗ ನೂಲಿನ ಮನೆಗಳ ಮುದುಕರನ್ನು ಅಂಗಳದಲ್ಲಿ ಮಲಗಿಸಿ, ಕಾಲುಗಳನ್ನು ಕಂಬಕ್ಕೆ ಬಿಗಿದು, ಅಂಗಾಲಿಗೆ ಹೊಡೆಸಿದ. ಅವರಲ್ಲಿ ನಿನ್ನ ಸೋದರಮಾವನೂ ಇದ್ದ. ಅವನ ಹೆಂಡತಿ ತನ್ನ ಕಿವಿಯ ಓಲೆಯನ್ನು ಕಿತ್ತು ನೆಲಕ್ಕೆ ಎಸೆದಳು. ವಸೂಲಿಗಾರ ನಕ್ಕು, "ಇನ್ನೊಂದು ಕಿವಿ ಇದ್ಯಲ್ಲಮ್ಮ" ಎಂದ. ನಾನು ಕೋಲನ್ನು ಕಸಿದುಕೊಂಡು ಅವನನ್ನು ಹೊಳೆಯವರೆಗೆ ಅಟ್ಟಿದೆ. ಹೊಳೆಯಲ್ಲಿ ಅವನು ಈಜಲಿಲ್ಲ. ಜನರು ಕಂಬಳಿ ತಂದದ್ದು ಆಮೇಲೆ.

ಈಗ ಆ ಮುದುಕರನ್ನೇ ಖುರಾಸಾನಿಗೆ ನಡೆಸಬೇಕೆನ್ನುತ್ತೀಯೆ. ಅವರಲ್ಲಿ ಎಷ್ಟು ಮಂದಿ ಉಪ್ಪಿನ ಮರುಭೂಮಿ ದಾಟುತ್ತಾರೆಂದು ನೀನು ಬಲ್ಲೆ. ಅಲ್ಲಿಂದ ಬರುವವನು ನೀನು.

ನನ್ನ ಉತ್ತರ ಹೀಗಿದೆ: ಒಂದು ಮನೆಯೂ ಇಳಿಯುವುದಿಲ್ಲ. ನನ್ನ ಕತ್ತಿ ಸೊಂಟದಲ್ಲಿದೆ, ಕೊರಳಿಗೆ ಬರುವುದಿಲ್ಲ. ಶಾಹನಿಗೆ ಕರ್ಗಲಾ ಬೇಕಿದ್ದರೆ ಹತ್ತಿ ಬರಲಿ.

ತಾಯಿಯನ್ನು ಹೊತ್ತೊಯ್ದೆನೆಂದು ಬರೆದಿದ್ದೀಯೆ. ಅವ್ವ ತೆಲ್ಲಿಯನ್ನು ಹೊರಬಲ್ಲವನು ಈ ಕಣಿವೆಯಲ್ಲಿ ಹುಟ್ಟಿಲ್ಲ. ಕಂಕುಳಲ್ಲಿ ಒಂದು ಕೋಳಿ, ತಲೆಯ ಮೇಲೆ ರೇಷ್ಮೆಹುಳುವಿನ ಮೊಟ್ಟೆಯ ಪೆಟ್ಟಿಗೆ ಇಟ್ಟುಕೊಂಡು, ದಾರಿಯುದ್ದಕ್ಕೂ ನನ್ನ ಕುದುರೆಯನ್ನು ಬೈಯುತ್ತ, ನನಗಿಂತ ಮುಂದೆ ಹತ್ತಿದವಳು ಅವಳು. ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಅವಳ ಮಾತನ್ನು ಹಾಗೆಯೇ ಬರೆಯಬೇಕೆಂದು ಆಜ್ಞೆಯಾಗಿದೆ: "ಕೆಳಗಿಳಿ ಅಂತಾನಾ? ನನ್ ಮಂಡಿ ಇಳಿಯೋಕೆ ಒಪ್ಪಲ್ಲ ಅಂತ ಬರಿ. ಅವನ ಮಂಡಿ ಗಟ್ಟಿ ಇದ್ರೆ ಅವನೇ ಹತ್ತಿ ಬರ್ಲಿ. ಬರೋವಾಗ ಆ ಶಾಹ ಕೊಟ್ಟ ಟೋಪಿ ಗಿರಣಿ ಹತ್ರ ಬಿಸಾಕಿ ಬರ್ಲಿ. ಬೆಳ್ಳುಳ್ಳಿ ಹಾಕಿ ಕುರಿಮಾಂಸದ ಸಾರು ಮಾಡಿಡ್ತೀನಿ. ಟೋಪಿ ಹಾಕ್ಕೊಂಡು ಬಂದ್ರೆ ಸಾರು ನಾಯಿಗೆ."

ಜನರ ಖಾನನಾದ ಕಪ್ಲಾನ್


ಆಗ್‌ಚಾಯ್ ಬಿಡಾರ
ಸಫರ್ ೨೦

ಕಪ್ಲಾನನಿಗೆ:

ಕಥೆಯನ್ನು ಚೆನ್ನಾಗಿ ಹೇಳಿದ್ದೀಯೆ. ಅದರಲ್ಲಿ ನೀನು ಬಿಟ್ಟ ಭಾಗವನ್ನು ನಾನು ತುಂಬುತ್ತೇನೆ.

ಮೂರು ಚಳಿಗಾಲಗಳ ಹಿಂದೆ ಶಾಹ ಬೆಟ್ಟದಾಚೆಯ ಯುದ್ಧಕ್ಕೆ ಹೋಗುವಾಗ ನಮ್ಮ ಕಣಿವೆಯಲ್ಲಿ ತಂಗಿದ. ನಿನ್ನ ನಿಷ್ಠೆಗೆ ಒತ್ತೆಯಾಗಿ ನಿನ್ನ ಮಗ ಬೆಹ್ಬುದನನ್ನು ಕೇಳಿದ. ನೀನು ನನ್ನ ಹೆಗಲ ಮೇಲೆ ಕೈಯಿಟ್ಟು, "ಇವನು ನನ್ನ ತಮ್ಮ, ಒಂದೇ ಎದೆಯ ಹಾಲು ಕುಡಿದವರು. ಮಗನಿಗಿಂತ ಹೆಚ್ಚು. ಇವನನ್ನು ಕರೆದೊಯ್ಯಿರಿ" ಎಂದೆ. ಹಾಲಿನ ನಂಟೂ ರಕ್ತದ ನಂಟಿಗೆ ಸಮವೆಂದು ಅವರ ಕಾಜಿ ತೀರ್ಪಿತ್ತ. ಆ ಹೊತ್ತಿನಲ್ಲಿ ನಾನು ಹೆಮ್ಮೆಪಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಒತ್ತೆಯಾಳಿನ ಕರಾರು ನಿನ್ನ ಮುಂದೆಯೇ ಓದಲ್ಪಟ್ಟಿತ್ತು: ನೀನು ತಲೆಯೆತ್ತಿದರೆ ಬೆಲೆ ನನ್ನದು.

ಕೋಲು ಕಸಿದ ಕಥೆ ಶಾಹನ ಬಿಡಾರಕ್ಕೆ ಬಂದ ದಿನ ನಾನು ಕುದುರೆಗಳಿಗೆ ನೀರು ಕುಡಿಸುತ್ತಿದ್ದೆ. ಕಣ್ಣು ಕೀಳುವ ಕೆಲಸದವನು ಬಂದು ಪಕ್ಕದಲ್ಲಿ ಕುಳಿತ. ಮೃದು ಮಾತಿನ ಮನುಷ್ಯ. "ನಿಮ್ಮಣ್ಣ ನಿಮಗೆ ಸಲಾಂ ಕಳಿಸಿದಾರೆ ಬೇಗ್. ಯಾವ ಕಣ್ಣಲ್ಲಿ ಓದ್ತೀರಿ?" ಎಂದು ಕೇಳಿದ. ಎಡಗಣ್ಣನ್ನು ತೆಗೆದರು. "ಬಲಗಣ್ಣು ಇಟ್ಕೊಳ್ಳಿ, ಕರ್ಗಲಾಕ್ಕೆ ದಾರಿ ತೋರಿಸೋಕೆ ಬೇಕು" ಎಂದು ಇನ್ನೊಂದನ್ನು ಬಿಟ್ಟರು. ಮುಂಚೂಣಿಯ ನಾಯಕನನ್ನಾಗಿ ಮಾಡಿ ಕಳುಹಿಸಿದರು; ದಾರಿ ತೋರಿಸಿದ್ದೇನೆ. ನನ್ನ ಸಾಲುಗಳು ಏಕೆ ಜಾರುತ್ತವೆಂದು ಇನ್ನು ಮುಲ್ಲಾನನ್ನು ದೂರಬೇಡ.

ಈ ಸಂಗತಿಯನ್ನು ಅವ್ವನಿಗೆ ಓದಿ ಹೇಳಕೂಡದು. ಇದು ಬೇಡಿಕೆಯಲ್ಲ.

ಒಂದು ಪ್ರಶ್ನೆಯಿದೆ. ಅಂಗಳದಲ್ಲಿ ಆ ಕೋಲಿಗೆ ಕೈ ಚಾಚಿದಾಗ ನನ್ನ ನೆನಪು ನಿನಗೆ ಬಂದಿತೆ? ಹೌದು ಎನ್ನು, ಇಲ್ಲವೆ ಇಲ್ಲ ಎನ್ನು. ನಡುವಿನ ಮಾತು ನನಗೆ ಬೇಡ.

ಓರುಜ್


ಕರ್ಗಲಾ ಕೋಟೆ
ರಬಿಉಲ್ ಅವ್ವಲ್ ೮

ಓರುಜನಿಗೆ:

ನಿನ್ನ ಪ್ರಶ್ನೆಯನ್ನು ಓದಿದೆ. ಈ ಪತ್ರ ಅದಕ್ಕೆ ಉತ್ತರವಲ್ಲ.

ಹೊಳೆಯ ಬದಿಯ ಹಿಪ್ಪುನೇರಳೆ ತೋಪಿನ ವಿಷಯವಾಗಿ ಬರೆಯುತ್ತಿದ್ದೇನೆ. ಎಲೆ ಒಡೆದಿದೆ. ಕೋಟೆಯ ಹೆಂಗಸರು ಮೊಟ್ಟೆಯ ಗಂಟುಗಳನ್ನು ಎದೆಗೆ ಕಟ್ಟಿಕೊಂಡಾಗಿದೆ. ಮೈಯ ಕಾವಿಗೆ ಮೊಟ್ಟೆ ಒಡೆಯುವವರೆಗೆ ಅವರು ಜಗಳವಾಡುವುದಿಲ್ಲ, ಓಡುವುದಿಲ್ಲ, ಬೆಂಕಿಯ ಹತ್ತಿರ ಕೂರುವುದಿಲ್ಲ. ನಿನ್ನ ದಂಡು ದಿನವೂ ನಗಾರಿ ಬಾರಿಸಿದರೂ ಅವರು ಕಿವಿಯ ಮೇಲೆ ಹಾಕಿಕೊಂಡಿಲ್ಲ. ಅವ್ವ ಗೋಡೆಯ ಬಳಿ ನಿಂತು, "ಬಾರಿಸ್ಲಿ ಬಿಡು, ಮದುವೆ ಮನೆ ಅಂದ್ಕೊಳಲಿ ಹುಳ" ಎನ್ನುತ್ತಾಳೆ.

ಎಳೆಯ ಹುಳುವಿಗೆ ಕೋಟೆಯೊಳಗಿನ ಮರಗಳ ಎಲೆ ಸಾಕು. ಬೆಳೆದ ಹುಳುವಿಗೆ ಸಾಲದು. ತೋಪು ಬೇಕು. ಇದನ್ನು ನಿನ್ನಿಂದ ಬಚ್ಚಿಟ್ಟು ಪ್ರಯೋಜನವಿಲ್ಲ. ಹುಳುವಿನ ಮನೆಯಲ್ಲೇ ಬೆಳೆದವನು ನೀನು. ಈ ಹುಳುವಿನ ಬೀಜ ಸತ್ತರೆ ಕಣಿವೆಯಲ್ಲಿ ಮತ್ತೆ ನೂಲು ಹುಟ್ಟುವುದಿಲ್ಲ. ನೂಲಿನವರನ್ನು ಖುರಾಸಾನಿಗೆ ನೀನು ನಡೆಸಬೇಕಾಗಿಯೂ ಇಲ್ಲ, ಹೊಟ್ಟೆಯೇ ನಡೆಸುತ್ತದೆ.

ಆದ್ದರಿಂದ ಕೇಳಿಕೋ. ನಿನ್ನ ಸವಾರರಲ್ಲಿ ಕೆಲವರು ನನ್ನ ಸೆರೆಯಲ್ಲಿದ್ದಾರೆ. ತೋಪಿನ ಒಂದು ಕೊಂಬೆ ನೆಲಕ್ಕೆ ಬಿದ್ದರೆ ಅವರ ತಲೆಗಳು ಗೋಡೆಯಿಂದ ಬೀಳುತ್ತವೆ. ನೀರಿನ ಬದಿಯ ಮೊದಲ ಮರವನ್ನು ನೆಟ್ಟವರು ಯಾರೆಂದು ನಾನು ನಿನಗೆ ನೆನಪಿಸುವುದಿಲ್ಲ. ನೆನಪಿಸಿದರೆ ನಾನು ಬೇಡಿಕೊಂಡೆನೆಂದು ನೀನು ತಿಳಿಯುತ್ತೀಯೆ.

ಕಪ್ಲಾನ್


ಆಗ್‌ಚಾಯ್ ಬಿಡಾರ
ರಬಿಉಲ್ ಅವ್ವಲ್ ೨೯

ಕಪ್ಲಾನನಿಗೆ:

ನಿನ್ನಿಂದ ಉತ್ತರ ಬರಲಿಲ್ಲ. ರಾಜಧಾನಿ ಮಶ್ಹದಿನಿಂದ ಕೊಡಲಿಗಳು ಬಂದವು. ಅವುಗಳೊಡನೆ ಶಾಹನ ಮೇಲ್ವಿಚಾರಕನೂ ಬಂದಿದ್ದಾನೆ. ನಾನು ಏನು ಉಣ್ಣುತ್ತೇನೆ, ಯಾರಿಗೆ ಪತ್ರ ಬರೆಯುತ್ತೇನೆ ಎಂಬುದೆಲ್ಲವೂ ಅವನಿಗೆ ಬೇಕು. ಈ ಪತ್ರವನ್ನೂ ಅವನು ಓದಿದ್ದಾನೆ. ಅವನಿಗೊಂದು ನಮಸ್ಕಾರ ಹೇಳು.

ತೋಪನ್ನು ಮೊದಲೇ ಕಡಿದಿದ್ದರೆ ನೀವು ಅರ್ಧ ಹುಳುವನ್ನು ಚೆಲ್ಲಿ, ಒಳಗಿನ ಎಲೆಯಲ್ಲಿ ಉಳಿದರ್ಧವನ್ನು ಬೀಜಕ್ಕೆ ಉಳಿಸಿಕೊಳ್ಳುತ್ತಿದ್ದಿರಿ. ಆದ್ದರಿಂದ ಕಾದೆ. ಒಳಗಿನ ಮರಗಳು ಬೋಳಾಗಿರುವುದನ್ನು ಇಲ್ಲಿಂದಲೇ ನೋಡುತ್ತಿದ್ದೇನೆ. ಹುಳು ಪೊರೆ ಬಿಡುವ ನಾಲ್ಕನೆಯ ಜ್ವರಕ್ಕೆ ಹೋಗಿರಬೇಕು, ತಲೆಯೆತ್ತಿ ಮಲಗಿರಬೇಕು. ಜ್ವರ ಎದ್ದು, ಒಟ್ಟಿಗೆ ಬಾಯಿ ತೆರೆದು, ಮಳೆ ಬಿದ್ದಂತೆ ಸದ್ದುಮಾಡುತ್ತ ಎಲೆ ಕೇಳುವ ಬೆಳಿಗ್ಗೆ ಕೊಡಲಿ ಬೀಳುತ್ತದೆ. ಒಂದು ಹುಳುವೂ ಉಳಿಯುವುದಿಲ್ಲ.

ಈ ಲೆಕ್ಕವನ್ನು ನನಗೆ ಕಲಿಸಿದವಳು ಅವ್ವ. ಹುಳುವಿನ ತಟ್ಟೆಯ ಪಕ್ಕದಲ್ಲಿ ನಮ್ಮಿಬ್ಬರನ್ನೂ ಕೂರಿಸಿ ಕಲಿಸಿದಳು. ನೀನು ನಿದ್ದೆಹೋದೆ, ನಾನು ಕೇಳಿಸಿಕೊಂಡೆ.

ಸೆರೆಯಾಳುಗಳ ತಲೆ ಕಡಿಯುವುದಾದರೆ ಕಡಿ. ಅವರು ಶಾಹನವರು, ಅವನಿಗೆ ಬೇರೆ ತಲೆಗಳು ಬೇಕಾದಷ್ಟಿವೆ. ಇಲ್ಲವೆ ಇಳಿದು ಬಾ.

ಓರುಜ್ ಬೇಗ್


ಕರ್ಗಲಾ ಕೋಟೆ
ರಬಿಉಲ್ ಆಖಿರ್ ೬

ಓರುಜನಿಗೆ:

ನಿನ್ನೆಯ ದಿನ ನೀನು ಬದುಕಿದ್ದು ಹೇಗೆಂಬುದು ನಿನಗೆ ತಿಳಿದಿರಲೆಂದು ಬರೆಯುತ್ತಿದ್ದೇನೆ. ಮುಂದೆಂದೂ ಅದನ್ನು ನಿನ್ನ ಜಾಣ್ಮೆಯೆಂದು ನೀನು ಹೇಳಿಕೊಳ್ಳಬಾರದು.

ಹುಳು ಜ್ವರ ಎದ್ದಿದೆಯೆಂದು ಹೆಂಗಸರು ನನ್ನ ಅಪ್ಪಣೆಗೆ ಕಾಯದೆ ಚೀಲಗಳನ್ನು ಹಿಡಿದು ತೋಪಿಗೆ ಇಳಿದರು, ಅವ್ವ ಮುಂದೆ. ಅವಳು ಅಲ್ಲಿರುವಾಗ ಕೊಡಲಿಯವರ ಮುಂದೆ ನೀನೇ ಬರುತ್ತೀಯೆಂದು ನನಗೆ ಖಚಿತವಿತ್ತು. ಬೇರೆ ಯಾರ ಕೈಗೂ ಆ ಕೆಲಸವನ್ನು ನೀನು ಬಿಡುವುದಿಲ್ಲ. ಆದ್ದರಿಂದ ಮೇಲಿನ ಅಕ್ರೋಟ್ ಮರಗಳ ಹಿಂದೆ ಬಂದೂಕಿನವರನ್ನು ಕೂರಿಸಿ, ನಡುವೆ ನಾನೇ ಕೂತೆ. ನೀನು ಬಂದೆ. ನನ್ನ ಗುರಿ ನಿನ್ನ ಎದೆಯ ಮೇಲಿತ್ತು. ತಪ್ಪುವ ದೂರವಲ್ಲ. ಬಂದೂಕಿನ ಬತ್ತಿಗೆ ಬೆಂಕಿ ತಾಗಿಸಿಯಾಗಿತ್ತು.

ಆಗ ಆ ಮುದುಕಿ ತಲೆಯ ರೇಷ್ಮೆವಸ್ತ್ರವನ್ನು ಕಿತ್ತು ನಮ್ಮಿಬ್ಬರ ನಡುವಿನ ನೆಲಕ್ಕೆ ಎಸೆದಳು. ಹೆಂಗಸಿನ ತಲೆವಸ್ತ್ರ ಬಿದ್ದ ನೆಲವನ್ನು ಆಯುಧ ಹಿಡಿದು ದಾಟಿದವನು ನಮ್ಮ ಕಣಿವೆಯಲ್ಲಿ ಗಂಡಸೆನಿಸಿಕೊಳ್ಳುವುದಿಲ್ಲ. ಇದನ್ನು ನಿನಗೆ ವಿವರಿಸಬೇಕಾಗಿಲ್ಲ. ನಿನ್ನ ಮೇಲ್ವಿಚಾರಕನಿಗೆ ವಿವರಿಸಬೇಕಾಗಿ ಬಂದಿರಬಹುದು. ಅವಳ ಬರಿತಲೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನೀನೂ ಕಂಡಿರಲಾರೆ. ಅಷ್ಟೂ ಬೆಳ್ಳಗಾಗಿದೆ.

"ಕಪ್ಲಾ, ಬಂದೂಕು ಇಳಿಸೋ! ಎಲೆ ಮರೇಲಿ ಕೂತ್ರೆ ನನಗೆ ಕಾಣಲ್ಲ ಅಂದ್ಕೊಂಡ್ಯಾ? ಓರುಜ್, ಕುದುರೆ ತಿರುಗಿಸೋ! ಇಬ್ರಿಗೂ ಹಾಲು ಕುಡಿಸೋ ಕೆಲಸ ನಂದಾಯ್ತು. ಇಬ್ರನ್ನೂ ಹೂಳೋ ಕೆಲಸಾನೂ ನನ್ ತಲೆಗೇ ಕಟ್ಬೇಡಿ!"

ಬತ್ತಿಯನ್ನು ಬೆರಳಿನಿಂದ ಹಿಸುಕಿ ಆರಿಸಿದೆ. ಬೊಬ್ಬೆ ಎದ್ದಿದೆ. ಬೇರೆ ಕೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರಗಳು ಕೆಟ್ಟಿವೆ, ಅದಕ್ಕೆ ನಗಬೇಡ.

ನೀನೂ ಕುದುರೆ ತಿರುಗಿಸಿದೆ. ನಿನ್ನೊಡನಿದ್ದ ನಮ್ಮ ಕಣಿವೆಯ ಕಡೆಯ ಸವಾರರೆಲ್ಲ ಇಳಿದು ತಲೆತಗ್ಗಿಸಿದರು. ಹೆಂಗಸರು ಚೀಲ ತುಂಬಿಕೊಂಡರು. ನಿನ್ನ ಕೊಡಲಿಯವನೊಬ್ಬನಿಗೆ ನೂಲಿನ ಮನೆಯ ಸೊಸೆಯೊಬ್ಬಳು, "ಸುಮ್ನೆ ನಿಂತಿದ್ದೀಯಲ್ಲಣ್ಣ, ಆ ಮೇಲಿನ ಕೊಂಬೆ ಸ್ವಲ್ಪ ಬಗ್ಗಿಸು" ಎಂದಳು. ಅವನು ಬಗ್ಗಿಸಿದ.

ಕೋಟೆಗೆ ಮರಳಿದ ಮೇಲೆ ಅವ್ವ ನನ್ನ ತುಪ್ಪಳದ ಟೋಪಿಯನ್ನು ಕಿತ್ತು ಒಲೆಗೆ ಹಾಕಿದಳು. ನನಗೆ ಬಡಿಸುತ್ತಿಲ್ಲ.

ಇದನ್ನು ಸಂಧಾನವೆಂದು ತಿಳಿಯಬೇಡ. ಆ ಬಟ್ಟೆ ಬೀಳದಿದ್ದರೆ ಇಂದು ನಿನ್ನನ್ನು ಹೂತಿರುತ್ತಿದ್ದೆ. ಮುಂದಿನ ಸಲ ಅವಳನ್ನು ಒಳಗೆ ಕೂಡಿಹಾಕಿ ಬರುತ್ತೇನೆ.

ಕಪ್ಲಾನ್


ಆಗ್‌ಚಾಯ್ ಬಿಡಾರ
ರಬಿಉಲ್ ಆಖಿರ್ ೯

ಕಪ್ಲಾನನಿಗೆ:

ಅಕ್ರೋಟ್ ಎಲೆಗಳ ನಡುವೆ ನಿನ್ನ ಬತ್ತಿಯ ಹೊಗೆ ಏಳುತ್ತಿತ್ತು. ಅದನ್ನು ಕಾಣಲು ಒಂದು ಕಣ್ಣು ಸಾಕು. ಕಂಡೂ ಏಕೆ ಮುಂದೆ ಬಂದೆನೆಂದು ಕೇಳಬೇಡ. ನೀನು ನನಗೆ ಉತ್ತರಿಸಿಲ್ಲ; ನಾನೂ ಉತ್ತರಿಸುವುದಿಲ್ಲ.

ನಾನು ವಸ್ತ್ರವನ್ನು ಎತ್ತಿಕೊಳ್ಳಲು ಇಳಿದಾಗ ಅವ್ವ ಹತ್ತಿರ ಬಂದಳು. ಎಡಕ್ಕೆ ನಿಂತಿದ್ದವಳು ಸುತ್ತಿ ಬಂದು ಬಲಕ್ಕೆ ನಿಂತಳು. ಕಣ್ಣಿನ ಪಟ್ಟಿಯ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. "ಇಳಿದುಹೋಗಿದ್ದೀಯ" ಎಂದಳು, ಅಷ್ಟೆ. ಅವಳಿಗೂ ದೃಷ್ಟಿ ಮಂದವಾಗಿರಬೇಕು. ಹಾಗಿದ್ದರೆ ಒಳ್ಳೆಯದು. ವಸ್ತ್ರ ನನ್ನ ಬಳಿಯಿದೆ, ಮರಳಿಸುವುದಿಲ್ಲ.

ತೋಪಿಗೆ ನಮ್ಮ ಕಣಿವೆಯ ಕಡೆಯ ಸವಾರರನ್ನು ಕಾವಲಿಟ್ಟಿದ್ದೇನೆ. ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ಹೆಂಗಸರು ಎಲೆ ಒಯ್ಯಬಹುದು. ಗೂಡು ಬೆಳೆದ ಮೇಲೆ ಕೋಟೆ ಹಿಡಿದರೆ ಶಾಹನಿಗೆ ನೂಲೂ ಸಿಗುತ್ತದೆ ಎಂದು ಮೇಲ್ವಿಚಾರಕನಿಗೆ ಹೇಳಿದೆ. ಅವನು ನಂಬಲಿಲ್ಲ. "ಮುದುಕಿ ಬಟ್ಟೆ ಎಸೆದ್ರೆ ನಿಮ್ಮೂರಲ್ಲಿ ದಂಡು ನಿಲ್ಲುತ್ತಾ ಬೇ‌ಗ್? ಹಾಗಾದ್ರೆ ನಮ್ಮ ಶಾಹ ಫಿರಂಗಿ ಎಳ್ಕೊಂಡು ಬರೋದು ಯಾಕೆ, ಒಂದು ಗಂಟು ಬಟ್ಟೆ ತಂದ್ರೆ ಸಾಕಲ್ಲ" ಎಂದು ಎಲ್ಲರೆದುರು ನಕ್ಕ. ಸಂಜೆ ಅವನ ಸವಾರನೊಬ್ಬ ದಕ್ಷಿಣಕ್ಕೆ ಹೋದ.

ಶಾಹ ದೊಡ್ಡ ದಂಡಿನೊಡನೆ ತಾನೇ ಬರುತ್ತಿದ್ದಾನೆ. ನೀರಿನ ಹೊಂಡಗಳನ್ನು ತುಂಬಿಸಿಟ್ಟುಕೋ. ಈ ಪತ್ರವನ್ನು ದುರ್ಸುನ್ ಮೇಲ್ವಿಚಾರಕನ ಕಣ್ಣು ತಪ್ಪಿಸಿ ಹಿಟ್ಟಿನ ಚೀಲದಲ್ಲಿ ತರುತ್ತಾನೆ. ಇದನ್ನು ಸ್ನೇಹದಿಂದ ಬರೆದಿಲ್ಲ. ನೀನು ಬಾಯಾರಿ ಸತ್ತರೆ ನನಗೆ ಉತ್ತರ ಕೊಡುವವರಿರುವುದಿಲ್ಲ.

ಓರುಜ್


ದುರ್ಸುನನ ಗಿರಣಿ
ಶವ್ವಾಲ್ ೧೨

ಕಪ್ಲಾನನಿಗೆ:

ಕೈಬರಹ ಬೇರೆಯದೆಂದು ಬೆಚ್ಚಬೇಡ. ನಾನು ಹೇಳುತ್ತಿದ್ದೇನೆ, ದುರ್ಸುನ್ ಬರೆಯುತ್ತಿದ್ದಾನೆ.

ಬೇಸಿಗೆಯಿಂದ ಶರತ್ಕಾಲದವರೆಗೆ ಶಾಹ ನಿನ್ನ ಗೋಡೆಗೆ ತಲೆ ಚಚ್ಚಿಕೊಂಡ. ಹಿಮ ಬಿತ್ತು. ಒಂಟೆಗಳು ಸತ್ತವು. ಮೊನ್ನೆ ಬಿಡಾರ ಕಿತ್ತು ಹೋದ. ನೀನು ಗೆದ್ದೆ. ಅಭಿನಂದಿಸುತ್ತಿಲ್ಲ, ಆದುದನ್ನು ಹೇಳುತ್ತಿದ್ದೇನೆ.

ಹೊರಡುವ ಹಿಂದಿನ ದಿನ ಮೇಲ್ವಿಚಾರಕ ತೋಪಿನ ಕಥೆಯನ್ನು ಮತ್ತೆ ತೆಗೆದ. ಸೋಲಿಗೆ ಒಬ್ಬ ಕಾರಣಕರ್ತ ಬೇಕಾಗಿದ್ದ. ಅದೇ ಮೃದು ಮಾತಿನ ಮನುಷ್ಯ ಬಂದ. "ಈ ಸಲ ಯಾವ ಕಣ್ಣು ಅಂತ ಕೇಳೋ ತಾಪತ್ರಯ ಇಲ್ಲ ಬೇಗ್" ಎಂದ. ದಂಡು ನದಿ ದಾಟುವಾಗ ನನ್ನನ್ನು ಗಿರಣಿಯ ಬಾಗಿಲಿನಲ್ಲಿ ಇಳಿಸಿ ಹೋದರು.

ನಿನ್ನಿಂದ ಒಂದು ಕೆಲಸವಾಗಬೇಕು. ನಾನು ಶಾಹನೊಡನೆ ಖುರಾಸಾನಿಗೆ ಹೋದೆನೆಂದೂ, ಅಲ್ಲಿ ಪದವಿ ದೊರೆಯಿತೆಂದೂ ಅವ್ವನಿಗೆ ಹೇಳು. ಅವಳು ಶಪಿಸುತ್ತಾಳೆ, ಶಪಿಸಿಕೊಂಡು ನೆಮ್ಮದಿಯಾಗಿರುತ್ತಾಳೆ. ಸಾಯುವ ಕಾಲಕ್ಕೆ ಮಗನ ಕಣ್ಣಿನ ಗುಳಿಗಳನ್ನು ಅವಳು ಸವರಬೇಕಾಗಿಲ್ಲ. ಹಿಮ ಕರಗಿದ ಮೇಲೆ ನಾನು ಬೇರೆ ಎಲ್ಲಿಗಾದರೂ ಹೋಗುತ್ತೇನೆ.

ನನ್ನ ಪ್ರಶ್ನೆ ಹಾಗೆಯೇ ಇದೆ.

ಓರುಜ್

ಅವನು ಹೇಳಿದ್ದು ಇಷ್ಟೇ, ಕಪ್ಲಾನ್. ಇನ್ನು ಬರೀತಿರೋದು ದುರ್ಸುನ್. ಅವನಿಗೆ ಕಾಣಲ್ಲವಲ್ಲ, ಅದಕ್ಕೆ ಧೈರ್ಯ. ಹಿಟ್ಟಿನ ಚೀಲದ ಮೇಲೆ ಮಲಗ್ತಾನೆ. ಗಿರಣಿ ನಿಂತ್ರೆ ಎದ್ದು ಕೂರ್ತಾನೆ, ಬೆಳಗಾಯ್ತಾ ಅಂತಾನೆ. ಆ ರೇಷ್ಮೆವಸ್ತ್ರ ಅಂಗಿಯೊಳಗಿದೆ, ಒಗೆಯೋಕೂ ಕೊಡಲ್ಲ. ನಿನ್ನನ್ನು ಬೈಯೋದು ಮಾತ್ರ ಒಂಚೂರೂ ಕಮ್ಮಿ ಆಗಿಲ್ಲ, ಆ ವಿಷಯದಲ್ಲಿ ಆರೋಗ್ಯವಾಗಿದ್ದಾನೆ.


ಕರ್ಗಲಾ ಕೋಟೆ
ಶವ್ವಾಲ್ ೧೫

ಓರುಜನಿಗೆ, ದುರ್ಸುನ್ ಗಟ್ಟಿಯಾಗಿ ಓದಿ ಹೇಳತಕ್ಕದ್ದು:

ನೀನು ಹೇಳಿದ ಕೆಲಸ ನನ್ನಿಂದ ಆಗುವುದಿಲ್ಲ.

ನಿನ್ನ ಪ್ರತಿಯೊಂದು ಪತ್ರವನ್ನೂ ಅವ್ವ ನನ್ನನ್ನು ಎದುರಿಗೆ ಕೂರಿಸಿಕೊಂಡು ಓದಿಸಿದ್ದಾಳೆ. ಎಡಗಣ್ಣಿನ ಪತ್ರ ಬಂದಾಗ ಆ ಸಾಲುಗಳನ್ನು ನಾನು ಹಾರಿಸಿದೆ. ಅವಳು ಹುಳುವಿನ ತಟ್ಟೆಗಳನ್ನು ಉಜ್ಜುತ್ತಿದ್ದಳು, ತಲೆಯೆತ್ತಲಿಲ್ಲ. "ಹಾರಿಸ್ತಿದ್ದೀಯ. ಉಸಿರು ಹಿಡಿದ್ಯಲ್ಲ ಅಲ್ಲಿಂದ ಓದು" ಎಂದಳು. ಓದಿದೆ. ಹೀಗಾಗಿ ಸಫರ್ ತಿಂಗಳಿನಿಂದಲೇ ಅವಳಿಗೆ ಎಲ್ಲವೂ ತಿಳಿದಿದೆ. ತೋಪಿನಲ್ಲಿ ಅವಳು ಬಲಕ್ಕೆ ಬಂದು ನಿಂತದ್ದು ದೃಷ್ಟಿ ಮಂದವಾಗಿದ್ದರಿಂದಲ್ಲ. ನಿನ್ನ ಪ್ರಶ್ನೆಯೂ ಅವಳಿಗೆ ತಿಳಿದಿದೆ. ಅಂದು ರಾತ್ರಿಯಿಂದ ಪ್ರತಿ ದಿನ ಊಟದ ಹೊತ್ತಿಗೆ, "ಉತ್ತರ ಬರೆದ್ಯಾ?" ಎಂದು ಕೇಳುತ್ತಾಳೆ. ಶಾಹನ ಫಿರಂಗಿಗಳು ಗೋಡೆಗೆ ಬಡಿಯುತ್ತಿದ್ದಾಗಲೂ ಕೇಳಿದಳು.

ಈ ದಿನದ ಪತ್ರವನ್ನೂ ಓದಿಸಿದಳು. ಇಡಿಯಾಗಿ ಓದಿದೆ, ಒಂದು ಸಾಲನ್ನೂ ಹಾರಿಸಲಿಲ್ಲ. ಓದಿ ಮುಗಿದ ಮೇಲೆ ಕತ್ತೆಗೆ ಜೀನು ಹಾಕು ಎಂದಳು. ದಾರಿ ಹೆಪ್ಪುಗಟ್ಟಿದೆ ಅವ್ವ, ಎಂದೆ. "ನನ್ ಮಂಡಿಗೆ ಇಳಿಯೋಕೆ ಆಗಲ್ಲ ಅಂತ ಬರೆಸಿದ್ದೆ ಅಲ್ವಾ, ಅದು ಸುಳ್ಳು" ಎಂದಳು.

ನಾಳೆ ಅವಳು ಬರುತ್ತಾಳೆ. ಕತ್ತೆಯ ಹಗ್ಗವನ್ನು ಹಿಡಿದು ಬೆಹ್ಬುದ್ ಬರುತ್ತಾನೆ. ಅವನಿಗೆ ಮೀಸೆ ಬಂದಿದೆ. ಅಂದು ಶಾಹ ಕೇಳಿದಾಗ ಬಂದಿರಲಿಲ್ಲ. ಅವನ ಬಳಿ ಕತ್ತಿಯಿಲ್ಲ, ಕಠಾರಿಯಿಲ್ಲ. ಸೊಂಟಪಟ್ಟಿಯನ್ನು ನಾನೇ ಬಿಚ್ಚಿಸಿದ್ದೇನೆ. ಮರಳಿ ಬಾ ಎಂದು ಅವನಿಗೆ ಹೇಳಿಲ್ಲ. ಅವನು ನಿನ್ನವನು. ಎಷ್ಟು ದಿನ ಬೇಕಾದರೂ ಇಟ್ಟುಕೋ, ಏನು ಬೇಕಾದರೂ ಮಾಡು. ಮೂರು ಚಳಿಗಾಲ ತಡವಾಗಿ ಕಳುಹಿಸುತ್ತಿದ್ದೇನೆ.

ನಿನ್ನ ಪ್ರಶ್ನೆಗೆ ಅವನನ್ನು ಬಿಟ್ಟು ನನ್ನ ಬಳಿ ಬೇರೆ ಉತ್ತರವಿಲ್ಲ.

ಕಪ್ಲಾನ್


ದುರ್ಸುನನ ಗಿರಣಿ
ಜಿಲ್ಕಾದ ೨

ಕಪ್ಲಾನ್ ಖಾನನಿಗೆ:

‘ಖಾನ್’ ಎಂದು ಬರೆಸಿದ್ದೇನೆ. ನಿನ್ನ ಮಗ ಬರೆಯುತ್ತಿದ್ದಾನೆ; ತಂದೆಯ ಬಿರುದನ್ನು ಬಿಡಲು ಅವನ ಕೈ ಒಪ್ಪಲಿಲ್ಲ. ಅದನ್ನು ನನ್ನ ಮಾತೆಂದು ಎಣಿಸಬೇಡ.

ಅವ್ವ ತಲುಪಿದಳು. ಬಂದವಳೇ ನನ್ನ ಮುಖವನ್ನು ಎರಡೂ ಕೈಗಳಿಂದ ಹಿಡಿದಳು. ನಾನು ಹೆದರಿದ್ದಂತೆ ಅಳಲಿಲ್ಲ. "ನಾಲ್ಕು ಚೀಲ ಎಲೆಗೆ ಒಂದು ಕಣ್ಣಾ? ದುಬಾರಿ ಆಯ್ತು ಕಣೋ, ನಿನಗೆ ವ್ಯಾಪಾರ ಯಾವತ್ತೂ ಬರ್ಲಿಲ್ಲ" ಎಂದಳು. ವಸ್ತ್ರವನ್ನು ಮರಳಿ ಕೊಟ್ಟೆ. ತಾನು ಧರಿಸಲಿಲ್ಲ, ಮಡಚಿ ನನ್ನ ಕಣ್ಣುಗಳಿಗೆ ಕಟ್ಟಿದಳು. ಅದರಲ್ಲಿ ಇನ್ನೂ ಹುಳುವಿನ ಮನೆಯ ವಾಸನೆಯಿದೆ. ಬಳಿಕ ಗಿರಣಿಯ ಧೂಳನ್ನು ಕಂಡು ದುರ್ಸುನನನ್ನು ಬೈಯತೊಡಗಿದವಳು ಈವರೆಗೂ ನಿಲ್ಲಿಸಿಲ್ಲ. "ಎರಡು ದಂಡು ಬಂದು ಹೋದ್ರೂ ತಡ್ಕೊಂಡೆ, ಇದನ್ನ ತಡ್ಕೊಳೋಕೆ ಆಗ್ತಿಲ್ಲ" ಎಂದು ಅವನು ಹೊರಗೆ ಹಿಮದಲ್ಲಿ ಕುಳಿತಿದ್ದಾನೆ.

ಕೋಟೆಗೆ ನಾನು ಬರುವುದಿಲ್ಲ. ನೀನೂ ಇಲ್ಲಿಗೆ ಬರಬೇಡ. ನಿನ್ನ ಧ್ವನಿ ಹತ್ತಿರದಿಂದ ಕೇಳಿದರೆ ಗುರಿಗೆ ಕಣ್ಣು ಬೇಕಾಗುವುದಿಲ್ಲ.

ಒತ್ತೆಯಾಳನ್ನು ಸ್ವೀಕರಿಸಿದ್ದೇನೆ. ಕರಾರು ನಿನಗೆ ಗೊತ್ತಿರುವುದೇ, ಮತ್ತೆ ಓದಿಸುವುದಿಲ್ಲ. ಅವನು ಮೊದಲ ಎರಡು ದಿನ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದ. ತನ್ನ ಕಣ್ಣಿಗೆ ಕಬ್ಬಿಣ ಯಾವಾಗ ಕಾಯಿಸುತ್ತೀರೆಂದು ಮೂರನೆಯ ದಿನ ಕೇಳಿದ. ಇದನ್ನು ಬರೆಯುವಾಗ ಅವನ ಲೇಖನಿ ನಿಂತಿತು. ಬರಿ, ನಾನು ಹೇಳಿದ್ದನ್ನೆಲ್ಲ ಬರಿ ಎಂದಿದ್ದೇನೆ.

ಅವನಿಗೆ ಕೊಟ್ಟ ಉತ್ತರವನ್ನೇ ನಿನಗೂ ತಿಳಿಸುತ್ತೇನೆ. ನಿನ್ನ ಮಗನ ಕಣ್ಣುಗಳು ಎರಡೂ ನನಗೆ ಬೇಕು. ನಿನ್ನ ಪತ್ರಗಳನ್ನು ಓದುವುದಕ್ಕೆ ಇಲ್ಲಿ ಬೇರೆ ಕಣ್ಣುಗಳಿಲ್ಲ. ದುರ್ಸುನ್ ತನಗೆ ತೋಚಿದ್ದನ್ನೆಲ್ಲ ಸೇರಿಸಿ ಓದುತ್ತಾನೆ.

ಆದ್ದರಿಂದ ಬರೆಯುತ್ತಿರು. ಬೆರಳಿನ ಬೊಬ್ಬೆ ಈಗ ಮಾಗಿರಬೇಕು. ಸಾಲುಗಳನ್ನು ನೆಟ್ಟಗೆ ಬರೆ.

ಓರುಜ್